ಸತ್ತದ್ದು ವಾಲ್ವ್, ಕೊಂದದ್ದು ಕೆಪಾಸಿಟರ್

"ಅದೇನೋ ಒಳಗೆ ಕೆಂಪಗಾಗ್ತಿದೆ ನೋಡು" ಅಂತ ಅಜ್ಜ ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದರು. ವಾಲ್ವ್ ರೇಡಿಯೊ ಅಂದಮೇಲೆ ಒಳಗೆ ಕೆಂಪಗೆ ಉರಿಯೋದು ಸಹಜ ತಾನೇ ಅಂದುಕೊಂಡು ನಾನು ಸ್ಟೇಷನ್ ಹುಡುಕೋದರಲ್ಲೇ ಮುಳುಗಿದ್ದೆ. ಎರಡನೇ ಸಲ ಕೂಗಿದಾಗ ರೇಡಿಯೊ ಹಿಂದೆ ಬಗ್ಗಿ ನೋಡಿದೆ. ಕೆಂಪಗಾಗಿದ್ದದ್ದು ಫಿಲಮೆಂಟ್ ಅಲ್ಲ. ಅದರ ಸುತ್ತ ಇರುವ ಬೂದು ಬಣ್ಣದ ತಗಡು, ಅಂದರೆ ವಾಲ್ವಿನ ಆನೋಡ್, ಕುಲುಮೆಯಲ್ಲಿಟ್ಟ ಕಬ್ಬಿಣದ ಹಾಗೆ ಕೆಂಪಾಗುತ್ತಿತ್ತು. ಓಡಿಹೋಗಿ ಪ್ಲಗ್ ಕಿತ್ತೆ.

ಆ ವಾಲ್ವ್ ಹೊಸದು. ಅದೇ ವಾರ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು, ಎರಡು ವಾರದ ಮೆಸ್ ಖರ್ಚಿನಷ್ಟು ದುಡ್ಡು ಕೊಟ್ಟು ತಂದದ್ದು. ಹಳೆಯ ವಾಲ್ವ್ ಸತ್ತಿತ್ತು, ಹೊಸದು ಹಾಕಿದೆ, ಹತ್ತು ನಿಮಿಷ ಚೆನ್ನಾಗಿ ಹಾಡಿತು. ಆಮೇಲೆ ದನಿ ಕರಕರ ಅನ್ನತೊಡಗಿತು, ಅದರ ಬೆನ್ನಿಗೇ ಈ ಕೆಂಪು.

ಮಾರನೆಯ ದಿನ ತಿಪಟೂರಿನಲ್ಲಿ ಹಿಂದೆ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರ ಹತ್ತಿರ ಹೋಗಿ ಕಥೆಯೆಲ್ಲ ಹೇಳಿದೆ. ಅವರು ನಕ್ಕು, "ಅಲ್ಲ ಕಣಪ್ಪ, ಸತ್ತೋನ್ನ ಎತ್ತಿ ಹೊರಗೆ ಹಾಕಿ ಅದೇ ಜಾಗಕ್ಕೆ ಇನ್ನೊಬ್ಬನ್ನ ತಂದು ಕೂರಿಸಿದ್ದೀಯ. ಕೊಂದೋನು ಯಾರು ಅಂತ ನೋಡಿದ್ಯಾ?" ಅಂದರು.

ನೋಡಿರಲಿಲ್ಲ. ಈ ಲೇಖನ ಆ ಕೊಂದೋನನ್ನು ಹುಡುಕಿದ ಕಥೆ. ಜೊತೆಗೆ, ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಪೆಟ್ಟಿಗೆ ಇದ್ದರೆ ಅದನ್ನು ಯಾವ ಕ್ರಮದಲ್ಲಿ ಪರೀಕ್ಷೆ ಮಾಡಬೇಕು ಅನ್ನೋದಕ್ಕೆ ಒಂದು ದಾರಿ.

ಪೆಟ್ಟಿಗೆಯೊಳಗಿನ ಐದು ಜನ

ನಮ್ಮ ಸಿಲೆಬಸ್ಸಿನಲ್ಲಿ ವಾಲ್ವ್ ಇಲ್ಲ. ಆದರೆ ಜೆಫೆಟ್ ಗೊತ್ತಿದ್ದರೆ ಮುಕ್ಕಾಲು ಪಾಲು ವಾಲ್ವ್ ಗೊತ್ತಿದ್ದಂತೆಯೇ. ಸೋರ್ಸ್ ಜಾಗದಲ್ಲಿ ಕ್ಯಾಥೋಡ್, ಗೇಟ್ ಜಾಗದಲ್ಲಿ ಗ್ರಿಡ್, ಡ್ರೇನ್ ಜಾಗದಲ್ಲಿ ಆನೋಡ್. ಬಿಸಿಯಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು ಆನೋಡ್‌ಗೆ ಹಾರುತ್ತವೆ. ನಡುವಿನ ಗ್ರಿಡ್ ಕ್ಯಾಥೋಡ್‌ಗಿಂತ ನೆಗೆಟಿವ್ ಆದಷ್ಟೂ ಕರೆಂಟ್ ಕಡಿಮೆ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಅಜ್ಜನ ರೇಡಿಯೊದಲ್ಲಿ ಐದು ವಾಲ್ವ್. ಆ ಕಾಲದ ಎಷ್ಟೋ ಸೆಟ್‌ಗಳಲ್ಲಿ ಇದೇ ಜೋಡಣೆ ಇರುತ್ತಿತ್ತು:

ಇಸಿಎಚ್81: ಏರಿಯಲ್‌ನಿಂದ ಬಂದ ಸಿಗ್ನಲನ್ನು ಒಳಗಿನ ಆಸಿಲೇಟರ್ ಜೊತೆ ಬೆರೆಸುವ ಮಿಕ್ಸರ್.
ಇಎಫ್89: ಐಎಫ್ ಆಂಪ್ಲಿಫೈಯರ್.
ಇಬಿಸಿ81: ಡಿಟೆಕ್ಟರ್ ಡಯೋಡ್ ಮತ್ತು ಮೊದಲ ಆಡಿಯೊ ಹಂತ, ಎರಡೂ ಒಂದೇ ಗಾಜಿನೊಳಗೆ.
ಇಎಲ್84: ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್. ನಾನು ಬದಲಾಯಿಸಿದ್ದು ಇದನ್ನೇ.
ಇಝಡ್80: ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್.

ಇದು ಸೂಪರ್‌ಹೆಟರೊಡೈನ್ ರಿಸೀವರ್, ನಾವು ಕಮ್ಯುನಿಕೇಶನ್ ಪೇಪರ್‌ನಲ್ಲಿ ಬ್ಲಾಕ್ ಡಯಾಗ್ರಾಮ್ ಬರೆದು ಮಾರ್ಕ್ಸ್ ತಗೊಳ್ಳೋದೇ ಇದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಳಬೇಕು ಅಂದರೆ ಒಳಗಿನ ಆಸಿಲೇಟರ್ 1067ರಲ್ಲಿ ಓಡಬೇಕು. ಎರಡರ ವ್ಯತ್ಯಾಸ 455, ಅದೇ ಐಎಫ್. ಹಳೆಯ ಡಯಲ್‌ಗಳಲ್ಲಿ ಕಿಲೋಹರ್ಟ್ಸ್ ಬದಲು ಮೀಟರ್ ಬರೆದಿದ್ದರೆ ಗಾಬರಿಯಾಗಬೇಡಿ. 3 ಲಕ್ಷವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. 612 ಅಂದರೆ ಸುಮಾರು 490 ಮೀಟರ್.

ಮೊದಲು ಜೀವ, ಆಮೇಲೆ ರೇಡಿಯೊ

ನಾವು ಲ್ಯಾಬಿನಲ್ಲಿ 5 ವೋಲ್ಟ್, 12 ವೋಲ್ಟ್ ಮುಟ್ಟಿ ಬೆಳೆದವರು. ಈ ಪೆಟ್ಟಿಗೆಯೊಳಗೆ 250 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ ಉಳಿದಿರಬಹುದು. ಆದ್ದರಿಂದ ಮೂರು ನಿಯಮ.

ಒಂದು, ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, 10 ಕಿಲೋ ಓಮ್ 5 ವಾಟ್ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ವೈರ್ ಕಟ್ಟಿ ಫಿಲ್ಟರ್ ಕೆಪಾಸಿಟರ್‌ನ ಪ್ಲಸ್‌ನಿಂದ ಷಾಸಿಗೆ ಹಿಡಿಯಿರಿ. 50 ಮೈಕ್ರೋಫ್ಯಾರಡ್‌ಗೆ ಟೈಮ್ ಕಾನ್‌ಸ್ಟಂಟ್ ಅರ್ಧ ಸೆಕೆಂಡ್, ಐದು ಸೆಕೆಂಡ್ ಹಿಡಿದರೆ ಖಾಲಿ. ಆದರೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸೋ ಶೋಕಿ ಬೇಡ.

ಎರಡು, ಸೆಟ್ ಆನ್ ಇರುವಾಗ ಪ್ರೋಬ್ ಹಿಡಿದು ಹುಡುಕಬೇಡಿ. ಆಫ್ ಇರುವಾಗಲೇ ಮೀಟರ್‌ನ ಕಪ್ಪು ಲೀಡನ್ನು ಷಾಸಿಗೂ ಕೆಂಪು ಲೀಡನ್ನು ಅಳೆಯಬೇಕಾದ ಜಾಗಕ್ಕೂ ಕ್ಲಿಪ್ ಮಾಡಿ, ಕೈ ತೆಗೆದು, ಆಮೇಲೆ ಸ್ವಿಚ್ ಹಾಕಿ.

ಮೂರು, ಇದು ಅತಿ ಮುಖ್ಯ: ಸೆಟ್‌ನಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇದೆಯಾ ನೋಡಿಕೊಳ್ಳಿ. ವಾಲ್ವ್‌ಗಳ ಹೆಸರು 'ಯು'ನಿಂದ ಶುರುವಾಗಿದ್ದರೆ (ಯುಸಿಎಚ್81, ಯುಸಿಎಲ್82, ಯುವೈ85) ಅದು ಎಸಿ/ಡಿಸಿ ಸೆಟ್. ಅದರಲ್ಲಿ ಸಾಮಾನ್ಯವಾಗಿ ಮೇನ್ಸ್‌ನ ಒಂದು ತಂತಿ ನೇರವಾಗಿ ಷಾಸಿಗೇ ಹೋಗಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಷಾಸಿ ಫೇಸ್ ಆಗುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥ ಸೆಟ್ ಮುಟ್ಟಬೇಡಿ, ಇದು ನಿಮ್ಮ ಮೊದಲ ರಿಪೇರಿಯಾದರೆ ಐಸೊಲೇಷನ್ ಇದ್ದರೂ ಬೇಡ. ನಮ್ಮದು 'ಇ' ಸರಣಿಯದು, ಟ್ರಾನ್ಸ್‌ಫಾರ್ಮರ್ ಇತ್ತು. ಮುಂದೆ ಹೇಳೋದೆಲ್ಲ ಅಂಥ ಸೆಟ್‌ಗೇ.

ಕರೆಂಟ್ ಕೊಡುವ ಮುಂಚೆ

ಅಟ್ಟದಿಂದ ಇಳಿಸಿದ ರೇಡಿಯೊವನ್ನು ಎಲ್ಲರೂ ಮಾಡುವ ಮೊದಲ ಕೆಲಸ ಪ್ಲಗ್‌ಗೆ ಹಾಕಿ ನೋಡೋದು. ನಾನೂ ಅದನ್ನೇ ಮಾಡಿದ್ದೆ, ಅದೇ ಮೊದಲ ತಪ್ಪು. ಮೂವತ್ತು ವರ್ಷ ಸುಮ್ಮನಿದ್ದ ಕೆಪಾಸಿಟರ್‌ಗಳಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಬದುಕಿದ್ದ ಭಾಗಗಳೂ ಸಾಯಬಹುದು.

ಈ ಸಲ ಸರಿಯಾಗಿ ಶುರು ಮಾಡಿದೆ. ಹಿಂದಿನ ರಟ್ಟು ಬಿಚ್ಚಿ, ಬ್ರಷ್‌ನಲ್ಲಿ ಧೂಳು ತೆಗೆದು, ಟಾರ್ಚ್ ಹಿಡಿದು ಸುಮ್ಮನೆ ನೋಡಿದೆ. ಇಲಿ ಕಡಿದ ವೈರ್ ಇದೆಯಾ? ಕರಿ ಹಿಡಿದ ರೆಸಿಸ್ಟರ್ ಇದೆಯಾ? ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬರ್ತಿದೆಯಾ? ಯಾವುದಾದರೂ ವಾಲ್ವಿನ ತಲೆಯ ಮೇಲಿನ ಬೆಳ್ಳಿ ಲೇಪ ಬಿಳಿ ಸುಣ್ಣದಂತೆ ಆಗಿದೆಯಾ? ಆಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು. ನಮ್ಮದರಲ್ಲಿ ಮೇನ್ಸ್ ವೈರಿನ ರಬ್ಬರ್ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು, ಮೊದಲು ಅದನ್ನು ಬದಲಾಯಿಸಿದೆ. ಷಾಸಿಯ ಅಡಿಭಾಗದಲ್ಲಿ ಬೀಡಿ ತುಂಡಿನಷ್ಟು ಉದ್ದದ ಪೇಪರ್ ಕೆಪಾಸಿಟರ್‌ಗಳಿಂದ ಮೇಣ ಕರಗಿ ಇಳಿದಿತ್ತು. ಹಳೆಯದಲ್ವಾ ಅಂತ ಅದನ್ನು ನೋಡಿಯೂ ನೋಡದಂತೆ ಬಿಟ್ಟೆ. ಉತ್ತರ ಅಲ್ಲೇ ಇತ್ತು.

ಆಮೇಲೆ ಮಲ್ಟಿಮೀಟರ್, ಓಮ್ ರೇಂಜ್. ಮೇನ್ಸ್ ಪ್ರೈಮರಿ ಕೆಲವು ಹತ್ತು ಓಮ್ ತೋರಿಸಬೇಕು. ಹೀಟರ್ ವೈಂಡಿಂಗ್ ಒಂದು ಓಮ್‌ಗಿಂತ ಕಡಿಮೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಕೆಲವು ನೂರು ಓಮ್. ಇದು ಓಪನ್ ಆಗಿದ್ದರೆ ರೇಡಿಯೊ ಪೂರ್ತಿ ಮೌನ. ನಮ್ಮದು ಸರಿಯಿತ್ತು. ಕೊನೆಗೆ 250 ವೋಲ್ಟ್ ಲೈನ್‌ನಿಂದ ಷಾಸಿಗೆ ಇಟ್ಟಾಗ ರೀಡಿಂಗ್ ಕೆಳಗಿನಿಂದ ಶುರುವಾಗಿ ನಿಧಾನಕ್ಕೆ ಏರಬೇಕು. ಏರದೆ ಕೆಲವೇ ಓಮ್‌ನಲ್ಲಿ ನಿಂತರೆ ಶಾರ್ಟ್, ಕರೆಂಟ್ ಕೊಡಲೇಬೇಡಿ.

ಸೀರೀಸ್ ಬಲ್ಬ್ ಅನ್ನುವ ಕಾವಲುಗಾರ

ನಮ್ಮೂರಿನ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಸೀರೀಸ್ ಬೋರ್ಡ್ ಅಂತ ಇರುತ್ತದೆ: ಒಂದು ಹೋಲ್ಡರ್, ಒಂದು ಸಾಕೆಟ್, ಎರಡೂ ಸೀರೀಸ್‌ನಲ್ಲಿ. ಹೋಲ್ಡರ್‌ಗೆ 60 ಅಥವಾ 100 ವಾಟ್ ಬಲ್ಬ್ ಹಾಕಿ, ಸಾಕೆಟ್‌ಗೆ ರೇಡಿಯೊ ಹಾಕಬೇಕು. ತಂತಿ ಇರುವ ಹಳೆಯ ಬಲ್ಬೇ ಬೇಕು, ಎಲ್‌ಇಡಿ ನಡೆಯೋಲ್ಲ. ಟಂಗ್‌ಸ್ಟನ್ ತಣ್ಣಗಿದ್ದಾಗ ಅದರ ರೆಸಿಸ್ಟನ್ಸ್ ಬಹಳ ಕಡಿಮೆ, ಬಿಸಿಯಾದಾಗ ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ರೇಡಿಯೊ ಸರಿಯಿದ್ದರೆ ಬಲ್ಬ್ ಒಮ್ಮೆ ಬೆಳಗಿ ಮಂದವಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ವೋಲ್ಟೇಜನ್ನೆಲ್ಲ ತಾನೇ ತಗೊಳ್ಳುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಮೊದಲ ಸಲ ಇಝಡ್80 ರೆಕ್ಟಿಫೈಯರ್ ಕಿತ್ತಿಟ್ಟು ಆನ್ ಮಾಡಿ. ಆಗ ಎತ್ತರದ ಡಿಸಿ ಎಲ್ಲೂ ಇರುವುದಿಲ್ಲ, ಹೀಟರ್‌ಗಳು ಮಾತ್ರ ಉರಿಯುತ್ತವೆ. ಆ ವಾಲ್ವಿನ ಸಾಕೆಟ್‌ನಲ್ಲಿ ಎಸಿ ಹೈ ವೋಲ್ಟೇಜ್ ಇರುತ್ತದೆ, ಅತ್ತ ಕೈ ಬೇಡ. ಐದೂ ಹೀಟರ್ ಸೇರಿ 6.3 ವೋಲ್ಟ್‌ಗೆ ಸುಮಾರು 2 ಆಂಪ್ ಎಳೆಯುತ್ತವೆ, ಅಂದರೆ 13 ವಾಟ್ ಹೋಗೋದು ಬರೀ ಕ್ಯಾಥೋಡ್ ಬಿಸಿ ಮಾಡೋದಕ್ಕೆ. ಎಲ್ಲವೂ ಉರಿದರೆ ಆಫ್ ಮಾಡಿ, ರೆಕ್ಟಿಫೈಯರ್ ಹಾಕಿ, ಮತ್ತೆ ಆನ್.

ನಮ್ಮ ರೇಡಿಯೊ ಈ ಪರೀಕ್ಷೆಯಲ್ಲಿ ಪಾಸಾಯಿತು. ಬಲ್ಬ್ ಮಂದವಾಗಿಯೇ ಉಳಿಯಿತು. ಅಂದರೆ ಶಾರ್ಟ್ ಇಲ್ಲ. ಆದರೆ ಪಾಸಾಯಿತು ಅಂದಮಾತ್ರಕ್ಕೆ ತಪ್ಪಿಲ್ಲ ಅಂತಲ್ಲ, ಈ ಪರೀಕ್ಷೆಗೆ ಕಾಣುವಷ್ಟು ದೊಡ್ಡ ತಪ್ಪಿಲ್ಲ ಅಂತ ಅಷ್ಟೇ ಅರ್ಥ.

ಗುಂಯ್ ಅನ್ನುವ ಸದ್ದಿನ ಫ್ರೀಕ್ವೆನ್ಸಿ ಎಷ್ಟು?

ಹಳೆಯ ರೇಡಿಯೊದಲ್ಲಿ ಗುಂಯ್ ಅನ್ನುವ ಹಮ್ ಬಂದರೆ ಅದನ್ನು ಬೈಯೋ ಬದಲು ಅಳೆಯಿರಿ. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಉಚಿತ ಆಪ್ ಒಂದನ್ನು ಹಾಕಿಕೊಂಡು ಸ್ಪೀಕರ್ ಮುಂದೆ ಹಿಡಿದರೆ ಸಾಕು. ಫುಲ್ ವೇವ್ ರೆಕ್ಟಿಫೈಯರ್ ಆದ್ದರಿಂದ ರಿಪಲ್ 100 ಹರ್ಟ್ಸ್. ಹಮ್ 100ರಲ್ಲಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. 50ರಲ್ಲಿದ್ದರೆ ಬೇರೆ ಕಡೆ ನೋಡಬೇಕು: ಯಾವುದೋ ವಾಲ್ವಿನಲ್ಲಿ ಹೀಟರ್‌ನಿಂದ ಕ್ಯಾಥೋಡ್‌ಗೆ ಲೀಕ್ ಇರಬಹುದು, ಇಲ್ಲವೇ ರೆಕ್ಟಿಫೈಯರ್‌ನ ಒಂದು ಅರ್ಧ ಸತ್ತು ಅದು ಹಾಫ್ ವೇವ್ ಆಗಿರಬಹುದು.

ನಮ್ಮದು 100. ಎರಡು ಹೊಸ 47 ಮೈಕ್ರೋಫ್ಯಾರಡ್, 450 ವೋಲ್ಟ್ ಕೆಪಾಸಿಟರ್ ಹಾಕಿದೆ, ಹಮ್ ಹೋಯಿತು. ಹಳೆಯದನ್ನು ಸರ್ಕ್ಯೂಟ್‌ನಿಂದ ಬಿಡಿಸಲೇಬೇಕು, ಅದರ ಪಕ್ಕಕ್ಕೆ ಹೊಸದನ್ನು ಸೇರಿಸಿಬಿಟ್ಟರೆ ಸಾಲದು. ಇನ್ನೊಂದು ಮಾತು: ಜಾಸ್ತಿ ಹಾಕಿದರೆ ಇನ್ನೂ ಒಳ್ಳೇದು ಅಂತ 220 ಮೈಕ್ರೋಫ್ಯಾರಡ್ ಹಾಕಬೇಡಿ. ಇಝಡ್80ರ ಡೇಟಾಶೀಟ್ ಪ್ರಕಾರ ಅದರ ಮುಂದಿನ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ಮೀರಬಾರದು. ದೊಡ್ಡ ಕೆಪಾಸಿಟರ್ ತುಂಬಿಸುವಾಗ ಹರಿಯುವ ಪೀಕ್ ಕರೆಂಟನ್ನು ಆ ಪುಟ್ಟ ಕ್ಯಾಥೋಡ್ ತಡೆಯೋಲ್ಲ.

ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ

ಹಮ್ ಹೋದರೂ ದನಿಯ ಕರಕರ ಹೋಗಲಿಲ್ಲ. ಈಗ ಎಲ್ಲಿ ಹುಡುಕೋದು? ಏರಿಯಲ್‌ನಿಂದ ಸ್ಪೀಕರ್‌ವರೆಗೆ ಒಂದೊಂದೇ ಭಾಗ ನೋಡುತ್ತ ಹೋದರೆ ಸಂಜೆಯಾಗುತ್ತದೆ. ಬೈನರಿ ಸರ್ಚ್ ಗೊತ್ತಲ್ಲ, ಅದನ್ನೇ ಇಲ್ಲಿ ಮಾಡಬೇಕು. ರೇಡಿಯೊದ ನಡುಮಧ್ಯ ಅಂದರೆ ವಾಲ್ಯೂಮ್ ಕಂಟ್ರೋಲ್. ಅದರ ಹಿಂದಿನದೆಲ್ಲ ರೇಡಿಯೊ ಫ್ರೀಕ್ವೆನ್ಸಿ, ಮುಂದಿನದೆಲ್ಲ ಆಡಿಯೊ.

ಫೋನಿನ ಹೆಡ್‌ಫೋನ್ ಔಟ್‌ಪುಟ್‌ನಿಂದ 0.1 ಮೈಕ್ರೋಫ್ಯಾರಡ್ 630 ವೋಲ್ಟ್ ಕೆಪಾಸಿಟರ್ ಮೂಲಕ ವಾಲ್ಯೂಮ್ ಕಂಟ್ರೋಲ್‌ನ ಬಿಸಿ ತುದಿಗೆ ಹಾಡು ಕೊಟ್ಟೆ, ಗ್ರೌಂಡ್ ಷಾಸಿಗೆ. ಫೋನ್ ಚಾರ್ಜರ್‌ನಲ್ಲಿ ಇರಬಾರದು, ಎಸಿ/ಡಿಸಿ ಸೆಟ್‌ನಲ್ಲಿ ಇದನ್ನು ಮಾಡಲೇಬಾರದು. ಹಾಡು ಸ್ವಚ್ಛವಾಗಿ ಬಂದಿದ್ದರೆ ಆಡಿಯೊ ಭಾಗ ಸರಿ, ತಪ್ಪು ಹಿಂದೆ ಇದೆ ಅಂತ ಆಗುತ್ತಿತ್ತು.

ಹಾಗಾಗಿದ್ದರೆ ಮುಂದಿನ ಪ್ರಶ್ನೆ, ಆಸಿಲೇಟರ್ ಓಡುತ್ತಿದೆಯಾ ಅನ್ನೋದು. ಅದಕ್ಕೊಂದು ಸುಲಭದ ಉಪಾಯ ಇದೆ. ಪಕ್ಕದಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ಇಟ್ಟು ಮೀಡಿಯಂ ವೇವ್‌ನಲ್ಲಿ 1067ರ ಆಸುಪಾಸಿಗೆ ಟ್ಯೂನ್ ಮಾಡಿ. ದೊಡ್ಡ ರೇಡಿಯೊದ ಮುಳ್ಳನ್ನು 612ರ ಸುತ್ತ ಆಡಿಸಿದಾಗ ಚಿಕ್ಕ ರೇಡಿಯೊದ ಸರ್ರ್ ಅನ್ನುವ ಗದ್ದಲ ಒಂದು ಜಾಗದಲ್ಲಿ ತಟ್ಟನೆ ಅಡಗಿದರೆ, ಅಥವಾ ಸಿಳ್ಳೆ ಕೇಳಿದರೆ, ಆಸಿಲೇಟರ್ ಬದುಕಿದೆ. ಬದುಕಿದ್ದೂ ಸ್ಟೇಷನ್ ಬರದಿದ್ದರೆ ಬ್ಯಾಂಡ್ ಸ್ವಿಚ್‌ನ ಕಿಲುಬು ಹಿಡಿದ ಕಾಂಟಾಕ್ಟ್‌ಗಳನ್ನು ಕ್ಲೀನರ್ ಸ್ಪ್ರೇಯಿಂದ ಒರೆಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಇಲ್ಲಿ ಒಂದು ಕೈಮುಗಿದು ಕೇಳುವ ವಿನಂತಿ: ಐಎಫ್ ಟ್ರಾನ್ಸ್‌ಫಾರ್ಮರ್‌ಗಳ ಡಬ್ಬಿಯಲ್ಲಿ ಸ್ಕ್ರೂ ಥರ ಕಾಣುವ ಕೋರ್‌ಗಳಿವೆಯಲ್ಲ, ಅವನ್ನು ತಿರುಗಿಸಬೇಡಿ. ಅವು ತಾವಾಗಿ ಸಡಿಲ ಆಗೋದು ಬಹಳ ಅಪರೂಪ. ನೀವು ತಿರುಗಿಸಿದರೆ ಒಂದು ತಪ್ಪಿನ ಜೊತೆ ಇನ್ನೊಂದು ಸೇರಿ, ಸಿಗ್ನಲ್ ಜನರೇಟರ್ ಇಲ್ಲದೆ ಸರಿಮಾಡಲಾಗದ ಸ್ಥಿತಿಗೆ ಬರುತ್ತೀರಿ. ಹಾಗೆಯೇ ಹಾಸ್ಟೆಲ್ ರೂಮಿನಲ್ಲಿ ಕೂತು ಬರೀ ಗದ್ದಲ ಬರ್ತಿದೆ ಅನ್ನಬೇಡಿ. ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪ್ ಚಾರ್ಜರ್‌ಗಳೆಲ್ಲ ಮೀಡಿಯಂ ವೇವ್‌ನಲ್ಲಿ ಕಿರುಚುತ್ತಿರುತ್ತವೆ. ಅವನ್ನು ಆಫ್ ಮಾಡಿ, ಏಳೆಂಟು ಮೀಟರ್ ವೈರನ್ನು ಏರಿಯಲ್ ಸಾಕೆಟ್‌ಗೆ ಸಿಕ್ಕಿಸಿ ಕಿಟಕಿಯಿಂದಾಚೆ ಎಳೆಯಿರಿ.

ನಮ್ಮ ರೇಡಿಯೊದಲ್ಲಿ ಇಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಫೋನಿನ ಹಾಡೂ ಅದೇ ಕರಕರ. ಅರ್ಧ ರೇಡಿಯೊ ಒಂದೇ ಏಟಿಗೆ ನಿರಪರಾಧಿ ಆಯಿತು. ಉಳಿದದ್ದು ಎರಡು ವಾಲ್ವ್, ಏಳೆಂಟು ಬಿಡಿ ಭಾಗ.

11.2 ವೋಲ್ಟ್

ಈಗ ವೋಲ್ಟೇಜ್ ಓದುವ ಸಮಯ. ಪೂರ್ತಿ ವೋಲ್ಟೇಜ್ ಬೇಕಾದ್ದರಿಂದ ಸೀರೀಸ್ ಬಲ್ಬ್ ತೆಗೆದೆ. ಆನೋಡ್ ಕೆಂಪಾಗುವ ಮುಂಚೆ ಆಫ್ ಮಾಡಬೇಕು, ಒಂದು ಸಲಕ್ಕೆ ಒಂದೇ ರೀಡಿಂಗ್.

ಇಎಲ್84ರ ಕ್ಯಾಥೋಡ್ ಮೂರನೇ ಪಿನ್. ಅಲ್ಲಿಂದ ಷಾಸಿಗೆ 150 ಓಮ್ ರೆಸಿಸ್ಟರ್. ಜೆಫೆಟ್‌ನ ಸೆಲ್ಫ್ ಬಯಾಸ್ ಇದೇ ತಾನೇ: ಕರೆಂಟ್ ಹರಿದು ಕ್ಯಾಥೋಡ್ ಮೇಲೇರುತ್ತದೆ, ಗ್ರಿಡ್ ಸೊನ್ನೆಯಲ್ಲೇ ಇರುತ್ತದೆ, ಹಾಗಾಗಿ ಕ್ಯಾಥೋಡ್ ಲೆಕ್ಕದಲ್ಲಿ ಗ್ರಿಡ್ ನೆಗೆಟಿವ್. ಈ ವಾಲ್ವಿಗೆ ಅಲ್ಲಿ 7.5 ವೋಲ್ಟ್ ಆಸುಪಾಸು ಬರಬೇಕು, ಅಂದರೆ 50 ಮಿಲಿಆಂಪ್.

ಮೀಟರ್ ತೋರಿಸಿದ್ದು 11.2.

150ರಿಂದ ಭಾಗಿಸಿ: 75 ಮಿಲಿಆಂಪ್. ಡೇಟಾಶೀಟ್ ಪ್ರಕಾರ ಇಎಲ್84ರ ಕ್ಯಾಥೋಡ್ ಕರೆಂಟ್ 65 ಮಿಲಿಆಂಪ್ ದಾಟಬಾರದು, ಆನೋಡ್ 12 ವಾಟ್‌ಗಿಂತ ಹೆಚ್ಚು ಸುಡಬಾರದು. ಇಲ್ಲಿ ಆನೋಡ್ 15 ವಾಟ್ ತಿನ್ನುತ್ತಿತ್ತು. ಕೆಂಪಗಾಗದೆ ಇನ್ನೇನು?

ಹಾಗಾದರೆ ವಾಲ್ವ್ ಇಷ್ಟು ಕರೆಂಟ್ ಯಾಕೆ ಎಳೀತಿದೆ? ಎರಡನೇ ಪಿನ್, ಅಂದರೆ ಗ್ರಿಡ್ ಅಳೆದೆ. ಅಲ್ಲಿ ಸೊನ್ನೆ ಇರಬೇಕು, ಇದ್ದದ್ದು ಪ್ಲಸ್ 6 ವೋಲ್ಟ್. ಗ್ರಿಡ್ ಮೇಲೇರಿದ್ದಕ್ಕೇ ವಾಲ್ವ್ ಬಾಗಿಲು ತೆರೆದು ಕೂತಿತ್ತು.

ಗ್ರಿಡ್‌ಗೆ ಪ್ಲಸ್ ವೋಲ್ಟೇಜ್ ಬರೋದಕ್ಕೆ ಮುಖ್ಯವಾಗಿ ಎರಡು ಕಾರಣ. ವಾಲ್ವಿನೊಳಗೇ ಗ್ಯಾಸ್ ಸೇರಿ ಗ್ರಿಡ್ ಕರೆಂಟ್ ಹರಿಯುತ್ತಿರಬಹುದು. ಇಲ್ಲವೇ ಹೊರಗಿನಿಂದ ಯಾರೋ ತಂದು ಸುರಿಯುತ್ತಿರಬಹುದು. ಬೇರ್ಪಡಿಸೋದು ಸುಲಭ: ಇಎಲ್84 ಕಿತ್ತು, ಖಾಲಿ ಸಾಕೆಟ್‌ನ ಅದೇ ಎರಡನೇ ಪಿನ್ ಅಳೆಯಿರಿ. ಸೊನ್ನೆಯಾದರೆ ತಪ್ಪು ವಾಲ್ವಿನದು. ನಾನು ಕಿತ್ತು ನೋಡಿದೆ. ಆರು ವೋಲ್ಟ್ ಹಾಗೇ ಇತ್ತು.

ಆ ಪಿನ್‌ಗೆ ಬಂದು ಸೇರುವವರು ಇಬ್ಬರೇ. ಷಾಸಿಗೆ ಹೋಗುವ 680 ಕಿಲೋ ಓಮ್ ರೆಸಿಸ್ಟರ್ ಒಂದು. ಹಿಂದಿನ ಇಬಿಸಿ81ರ ಆನೋಡ್‌ನಿಂದ ಬರುವ 0.01 ಮೈಕ್ರೋಫ್ಯಾರಡ್‌ನ ಕಪ್ಲಿಂಗ್ ಕೆಪಾಸಿಟರ್ ಇನ್ನೊಂದು. ಆ ಆನೋಡ್‌ನಲ್ಲಿ 100 ವೋಲ್ಟ್ ಡಿಸಿ ಇರುತ್ತದೆ. ಕೆಪಾಸಿಟರ್‌ನ ಕೆಲಸ ಇಷ್ಟೇ: ಹಾಡನ್ನು ಒಳಗೆ ಬಿಡು, ಡಿಸಿಯನ್ನು ಬಾಗಿಲಲ್ಲೇ ತಡೆ. ಮೇಣ ಇಳಿಸಿಕೊಂಡು ನಿಂತಿದ್ದ, ನಾನು ನೋಡಿಯೂ ಬಿಟ್ಟಿದ್ದ ಪೇಪರ್ ಕೆಪಾಸಿಟರ್ ಇದೇ.

ಒಂಬತ್ತು ಮೈಕ್ರೋಆಂಪ್

ಕಿತ್ತು ಕೈಯಲ್ಲಿ ಹಿಡಿದು ಮಲ್ಟಿಮೀಟರ್‌ಗೆ ಹಾಕಿದರೆ ಅದು ಸಾಚಾ. ಕೆಪಾಸಿಟನ್ಸ್ ರೇಂಜ್‌ನಲ್ಲಿ ಬರೆದದ್ದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸಿತು. ಓಮ್ ರೇಂಜ್‌ನಲ್ಲಿ ಓಪನ್. ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೇ ಕೆಪಾಸಿಟರ್ ಅಂತ ವಾಪಸ್ ಬೆಸುಗೆ ಹಾಕಿಬಿಡುತ್ತಿದ್ದೆ. ಆದರೆ ಓಮ್ ರೇಂಜ್‌ನಲ್ಲಿ ಮೀಟರ್ ಕೊಡೋದು ಒಂದೆರಡು ವೋಲ್ಟ್ ಅಷ್ಟೇ. ಪಾಪ, ಅಷ್ಟಕ್ಕೆ ಅದು ಸಜ್ಜನನೇ. ಹಳೇ ಪೇಪರ್ ಕೆಪಾಸಿಟರ್‌ನ ಲೀಕೇಜ್ ಎಷ್ಟೋ ಸಲ ವೋಲ್ಟೇಜ್ ಏರಿದ ಮೇಲೇ ಬಾಯಿ ಬಿಡೋದು.

ಸರಿಯಾದ ಪರೀಕ್ಷೆ ಅದು ಕೆಲಸ ಮಾಡುವ ಜಾಗದಲ್ಲೇ ಆಗಬೇಕು. ಕೆಪಾಸಿಟರ್‌ನ ಗ್ರಿಡ್ ಕಡೆಯ ಕಾಲನ್ನು ಮಾತ್ರ ಬಿಡಿಸಿ, ಆ ತುದಿಯಿಂದ ಷಾಸಿಗೆ ಡಿಸಿ ವೋಲ್ಟ್‌ಮೀಟರ್ ಕ್ಲಿಪ್ ಮಾಡಿ ಆನ್ ಮಾಡಿ. ಒಳ್ಳೆಯದಾದರೆ ಕ್ಷಣ ಹೊತ್ತು ಏರಿ ಸೊನ್ನೆಗೆ ಇಳಿಯುತ್ತದೆ. ನನ್ನದು ಏರಿ 50 ವೋಲ್ಟ್‌ನಲ್ಲಿ ಗಟ್ಟಿಯಾಗಿ ನಿಂತಿತು. ಡಿಜಿಟಲ್ ಮೀಟರ್‌ನ ಒಳ ರೆಸಿಸ್ಟನ್ಸ್ 10 ಮೆಗಾಓಮ್. 100 ವೋಲ್ಟ್ ಅರ್ಧಕ್ಕೆ ಹಂಚಿಹೋಯಿತು ಅಂದರೆ ಕೆಪಾಸಿಟರ್‌ನ ಲೀಕೇಜ್ ರೆಸಿಸ್ಟನ್ಸ್ ಕೂಡ 10 ಮೆಗಾಓಮ್. ಪೊಟೆನ್ಷಿಯಲ್ ಡಿವೈಡರ್, ಮೊದಲ ಸೆಮಿಸ್ಟರ್‌ನ ಲೆಕ್ಕ.

ಇದೇ ಡಿವೈಡರ್‌ನಲ್ಲಿ ಮೀಟರ್ ಬದಲು 680 ಕಿಲೋ ಓಮ್ ಇಟ್ಟು ನೋಡಿ: ಗ್ರಿಡ್‌ಗೆ ಸುಮಾರು 6 ವೋಲ್ಟ್. ತಾಳೆಯಾಯಿತು. ಹರಿಯುತ್ತಿದ್ದ ಲೀಕೇಜ್ ಎಷ್ಟು? 9 ಮೈಕ್ರೋಆಂಪ್. ಅಷ್ಟು ಸಣ್ಣ ಸೋರಿಕೆ ಔಟ್‌ಪುಟ್ ವಾಲ್ವಿನಲ್ಲಿ 25 ಮಿಲಿಆಂಪ್ ಹೆಚ್ಚುವರಿ ಕರೆಂಟ್ ಹರಿಸುತ್ತಿತ್ತು. ಷಾಸಿ ಬಿಸಿಯಾದಷ್ಟೂ ಕಾಗದದ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಿದಷ್ಟೂ ವಾಲ್ವ್ ಬಿಸಿ. ಮೊದಲ ಹತ್ತು ನಿಮಿಷ ಚೆನ್ನಾಗಿ ಹಾಡಿ ಆಮೇಲೆ ಕೆಟ್ಟದ್ದು ಈ ಕಾರಣಕ್ಕೆ. ಅಜ್ಜನ ಹಳೆಯ ವಾಲ್ವ್ ಸತ್ತದ್ದೂ ಹೀಗೇ ಇರಬೇಕು. ಆ ದಿನ ಅಜ್ಜ ಕೂಗದೆ ಇದ್ದಿದ್ದರೆ ಹೊಸ ವಾಲ್ವಿನ ಜೊತೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಸುಟ್ಟುಹೋಗಬಹುದಿತ್ತು. ವಾಲ್ವ್ ದುಡ್ಡು ಕೊಟ್ಟರೆ ಸಿಗುತ್ತದೆ. ಆ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಎಲ್ಲಿ ಹುಡುಕೋದು?

0.01 ಮೈಕ್ರೋಫ್ಯಾರಡ್, 630 ವೋಲ್ಟ್‌ನ ಹೊಸ ಫಿಲ್ಮ್ ಕೆಪಾಸಿಟರ್ ಹಾಕಿದೆ, ಒಂದು ಟೀ ಬೆಲೆಯದು. ಗ್ರಿಡ್ 0.0, ಕ್ಯಾಥೋಡ್ 7.4. ಕೆಂಪಗಾಗಿದ್ದ ವಾಲ್ವ್ ಪುಣ್ಯಕ್ಕೆ ಬದುಕಿತ್ತು.

ಅದೇ ಕಾಲದ ಅದೇ ಜಾತಿಯ ಉಳಿದ ಪೇಪರ್ ಕೆಪಾಸಿಟರ್‌ಗಳನ್ನೂ ಬದಲಾಯಿಸಿದೆ, ಒಂದು ಕಿತ್ತು ಒಂದು ಹಾಕಿ, ಪ್ರತಿ ಸಲ ಆನ್ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಹೊಸ ತಪ್ಪು ಎಲ್ಲಿ ಸೇರಿತು ಅಂತ ಗೊತ್ತಾಗೋಲ್ಲ. ಮೈಕಾ ಮತ್ತು ಸೆರಾಮಿಕ್ ಕೆಪಾಸಿಟರ್‌ಗಳನ್ನು ಮುಟ್ಟಲಿಲ್ಲ, ಅವು ಸಾಮಾನ್ಯವಾಗಿ ಕೆಡೋಲ್ಲ. ಮೇನ್ಸ್ ತಂತಿಗಳ ನಡುವೆ ಕೆಪಾಸಿಟರ್ ಇದ್ದರೆ ಅಲ್ಲಿಗೆ ಎಕ್ಸ್2, ಮೇನ್ಸ್‌ನಿಂದ ಷಾಸಿಗೆ ಇದ್ದರೆ ವೈ2 ಅಂತ ಬರೆದದ್ದೇ ಹಾಕಬೇಕು. ಹಳೆಯ ಕಾರ್ಬನ್ ರೆಸಿಸ್ಟರ್‌ಗಳನ್ನೂ ಅಳೆದೆ, 220 ಕಿಲೋ ಓಮ್‌ನದೊಂದು ಮುನ್ನೂರು ದಾಟಿತ್ತು, ಅದನ್ನೂ ತೆಗೆದೆ.

ಲ್ಯಾಬಿನಲ್ಲಿ ಮಾಸ್ಫೆಟ್ ಸುಟ್ಟಾಗ ನಾವು ಏನು ಮಾಡ್ತೀವಿ ಅಂತ ಆಮೇಲೆ ಯೋಚಿಸಿದೆ. ಇನ್ನೊಂದು ಹಾಕ್ತೀವಿ. ಅದೂ ಸುಟ್ಟರೆ ಪೀಸೇ ಸರಿಯಿಲ್ಲ ಅಂತ ಅಂಗಡಿಯವನನ್ನು ಬೈತೀವಿ. ಗೇಟ್‌ಗೆ ಏನು ಬರ್ತಿದೆ ಅಂತ ಸ್ಕೋಪ್ ಇಟ್ಟು ನೋಡೋದು ಮೂರನೆಯದು ಸುಟ್ಟಮೇಲೆ. ನಾನಂತೂ ಈಗ ಮೊದಲನೆಯದಕ್ಕೇ ಸ್ಕೋಪ್ ತಗೋತೀನಿ.

ಅವತ್ತು ಸಂಜೆ ರೇಡಿಯೊ ಆನ್ ಮಾಡಿ ಅರ್ಧ ನಿಮಿಷ ಕಾದೆವು. ವಾಲ್ವ್ ಬಿಸಿಯಾಗುತ್ತ ದನಿ ದೂರದಿಂದ ನಡೆದು ಬಂದ ಹಾಗೆ ಮೆಲ್ಲಗೆ ಹತ್ತಿರವಾಯಿತು. ಪ್ರದೇಶ ಸಮಾಚಾರ ಬಂತು. ಅಜ್ಜ ವಾರ್ತೆ ಕೇಳುತ್ತಿದ್ದರು, ನಾನು ಹಿಂದೆ ಬಗ್ಗಿ ಆನೋಡ್ ನೋಡುತ್ತಿದ್ದೆ. ಒಂದು ಗಂಟೆ ಕಳೆದರೂ ಬೂದು ಬಣ್ಣ ಬೂದಾಗಿಯೇ ಇತ್ತು. "ಬಂದು ಕೂತ್ಕೋ, ಇನ್ನೇನೂ ಆಗಲ್ಲ" ಅಂದರು ಅಜ್ಜ.

ದಸರಾ ರಜೆಗೆ ಊರಿಗೆ ಹೋದಾಗ ನಿಮ್ಮ ಅಟ್ಟವನ್ನೂ ಒಮ್ಮೆ ನೋಡಿ. ರೇಡಿಯೊ ಸಿಕ್ಕರೆ ಗುಜರಿಗೆ ಹಾಕಬೇಡಿ. ಆದರೆ ಸಿಕ್ಕ ಖುಷಿಗೆ ಪ್ಲಗ್‌ಗೂ ಹಾಕಬೇಡಿ. ಮೊದಲು ಹಿಂದಿನ ರಟ್ಟು ಬಿಚ್ಚಿ, ಮೇಣ ಎಲ್ಲಿ ಸೋರಿದೆ ನೋಡಿ.